ಆಮೆಬೆನ್ನಿನ ನಾಲ್ಕನೇ ಮೂಲೆ

ಜುಲೈ 3, ಬೆಳಿಗ್ಗೆ
ಮರಗೆಣಸು ಕುಟ್ಟಿ ಮುಗಿಸಿ ಮತ್ತೆ ಅಮ್ಮನ ಬಟ್ಟೆ ಹಿಡಿದೆ. ರಾಫಿಯಾ ತಾಳೆಯ ನಾರು ಬೆರಳು ಕೊಯ್ಯುತ್ತಿದೆ. ಮೂರು ಮೂಲೆ ಅವಳೇ ಹೊಲಿದಿಟ್ಟಿದ್ದಾಳೆ, ಕಣ್ಣು ಹೋಗುವ ಮೊದಲು. ಉಳಿದದ್ದು ನನ್ನ ಪಾಲು. ಇದನ್ನು ಹೊದ್ದೇ ಅವಳು ಮಣ್ಣಿಗೆ ಹೋಗಬೇಕು. ನಮ್ಮ ಕುಲದ ಆಮೆಬೆನ್ನಿನ ಚಿತ್ತಾರ ಕಂಡರೆ ತಾನೇ ಮೊದಲೇ ಹೋಗಿ ಅಲ್ಲಿರುವ ಅಜ್ಜಿಯರು ಗುರುತು ಹಿಡಿಯುವುದು! ಇಲ್ಲದಿದ್ದರೆ ಹೊರಗೇ. ವೈದ್ಯ ಕೈಚೆಲ್ಲಿದ್ದಾನೆ. ಬೇಗ ಮುಗಿಸಬೇಕು.

ಜುಲೈ 5
ಮುಗಿಯಿತು. ಜಂಬದಿಂದ ಅವಳ ತೊಡೆಯ ಮೇಲೆ ಹರಡಿದೆ. ಬೆರಳಾಡಿಸಿದಳು. ನನ್ನ ಮೂಲೆಗೆ ಬಂದು ಬೆರಳು ನಿಂತಿತು.
"ಯಾರಮ್ಮಾ ನೀನು? ಕೈ ಚೆನ್ನಾಗಿದೆ. ಬೇಜಾರು ಮಾಡ್ಕೋಬೇಡ, ನನ್ನ ಮಗಳು ಬಂದ್ಮೇಲೆ ಬಿಚ್ಚಿಸ್ತೀನಿ."
ಇಷ್ಟು ಮರ್ಯಾದೆಯಿಂದ ಅಮ್ಮ ನನ್ನನ್ನು ಯಾವತ್ತೂ ಮಾತಾಡಿಸಿಲ್ಲ...
ನೋಡಿದೆ. ಗೆರೆ ಮೂಲೆಯಲ್ಲಿ ತಿರುಗಿ ಒಳಗೆ ಬರಬೇಕು. ನನ್ನದು ಅಂಚಿಗೆ ಹೋಗಿ ನಿಂತಿದೆ — ಮ್ವೇಕಾ ಸಂತೆಯ ಡಿಸೈನ್. ಗೋಡೆಗೆ ನೇತುಹಾಕಲು ಕೊಳ್ಳುವವರಿಗೆ ಹೊಲಿದೂ ಹೊಲಿದೂ ಕೈಗೆ ಅದೇ ಬರುತ್ತದೆ. ಸರಿಯಾದ ತಿರುವು? ನೆನಪಿಲ್ಲ. ಅಕ್ಕ ಮಿಂಗಾಳಿಗೆ ಗೊತ್ತು. ಅವಳು ನನ್ನೊಡನೆ ಮಾತು ಬಿಟ್ಟದ್ದೂ ಈ ಸಂತೆಬಟ್ಟೆಯ ದೆಸೆಯಿಂದಲೇ.

ಜುಲೈ 9
ಹೋದೆ. ಎಂಥೆಂಥ ಗಿರಾಕಿಗಳನ್ನು ಮಾತಲ್ಲೇ ಬೀಳಿಸಿದವಳು. ಅಕ್ಕನ ಅಂಗಳದಲ್ಲಿ ಅಮ್ಮನ ಬಟ್ಟೆಯನ್ನಷ್ಟೇ ಹರಡಿ ತೋರಿಸಿದೆ.
"ಅಯ್ಯೋ ವ್ಯಾಪಾರಗಾತಿ! ಅಮ್ಮನನ್ನೂ ಯಾರದೋ ಗೋಡೆಗೆ ನೇತುಹಾಕೋಕೆ ಹೊರಟಿದ್ದೀಯಾ?"
"ಬೈಯಿ ಮಿಂಗಾ. ಹೊಲೀತಾ ಬೈಯಿ."
ಕೈ ಎತ್ತಿ ತೋರಿಸಿದಳು. ಬೆರಳು ಸೆಟೆದು ಶುಂಠಿಯಂತಾಗಿವೆ. ಸೂಜಿ ನಿಲ್ಲದು.
"ಅಮ್ಮ ಏನಂದ್ಲು?"
"ಯಾರು ನೀನು ಅಂದ್ಲು."
ಅಕ್ಕ ಚಪ್ಪಲಿ ಮೆಟ್ಟಿದಳು.

ಜುಲೈ 12
ಮೂಲೆ ಕಿತ್ತಾಯಿತು. ನೆಯ್ಗೆ ಸಡಿಲವಾಗಿದೆ, ಇನ್ನೊಮ್ಮೆ ಕಿತ್ತರೆ ತಡೆಯದು. ಅಕ್ಕ ಹೇಳುತ್ತಾಳೆ, ನಾನು ಹೊಲಿಯುತ್ತೇನೆ. "ಎಡಕ್ಕೆ! ನಿನ್ನ ಎಡ ಅಲ್ಲ, ಆಮೆಯ ಎಡ, ದಡ್ಡೀ!"
ಅಮ್ಮ ಗಂಜಿ ಬಿಟ್ಟಿದ್ದಾಳೆ.

ಜುಲೈ 14, ಮಧ್ಯಾಹ್ನ
ಹರಡಿದೆವು. ಅಮ್ಮನ ಬೆರಳು ಮೂಲೆಗೆ ಬಂತು... ತಿರುಗಿತು... ಒಳಗೆ ಬಂತು.
"ಇಲ್ಲಿ ಮಿಂಗಾ ಬೈದಿದ್ದಾಳೆ," ಅಂದಳು ಅಮ್ಮ.
ಅಕ್ಕ ಗೋಡೆಯ ಕಡೆ ತಿರುಗಿದಳು. ನಾನು ಈ ಪುಸ್ತಕ ಹಿಡಿದು ಹೊರಗೆ ಬಂದು ಕೂತೆ. ನನ್ನ ಹೆಸರು ಬರಲಿಲ್ಲ. ಬರಲೇಬೇಕೆಂದೇನಿಲ್ಲ. ಬಟ್ಟೆ ಸರಿಹೋಯಿತಲ್ಲ, ಲೆಕ್ಕ ಅಲ್ಲಿಗೆ —
ಒಳಗಿಂದ ಕೂಗು. ಅಕ್ಕನದಲ್ಲ.
"ಎಲ್ಲಿ ಹಾಳಾಗಿ ಹೋದ್ಲು ಆ ಬುಲಾಪೆ?"
ನಾನೇ. ನನ್ನನ್ನೇ. ಅಮ್ಮ ಕರೆಯುತ್ತಿದ್ದಾಳೆ, ಎದ್ದೆ —