ಕಿವಿಯಲ್ಲಿ ಓದುವ ಪಾಸ್‌ಬುಕ್

ಭಾಲ್ಕಿ
23 ಸೆಪ್ಟೆಂಬರ್ 2024

ಪ್ರೀತಿಯ ಅಣ್ಣಾ, ಜೈಭೀಮ.

ನಿನ್ನ ಬೆನ್ನುನೋವು ಈಗ ಹೇಗಿದೆ? ಹೈದರಾಬಾದಿನ ಕಚೇರಿಯಲ್ಲಿ ದಿನವಿಡೀ ಕೂತರೆ ಅದು ಹೋಗುವುದಿಲ್ಲ. ವೈನಿಯ ಮಾತು ಕೇಳಿ ಬೆಳಿಗ್ಗೆ ಸ್ವಲ್ಪ ನಡೆ. ಅವ್ವ ಚೆನ್ನಾಗಿದ್ದಾಳೆ. ನಿನ್ನೆ ಸಭೆಯಿಂದ ಬಂದವಳು ಒಂದು ರೊಟ್ಟಿ ಹೆಚ್ಚೇ ತಿಂದಳು.

ಆ ಸಭೆಯ ಸುದ್ದಿಗೇ ನೀನು ಕಾಯುತ್ತಿದ್ದೀಯ, ಗೊತ್ತು. ನಮ್ಮ ಮಹಿಳಾ ಸಹಕಾರಿ ಬ್ಯಾಂಕು ನಿಮ್ಮ ಖಾಸಗಿ ಬ್ಯಾಂಕಿನಲ್ಲಿ ಸೇರಿಹೋಗಬೇಕೆಂಬ ಪ್ರಸ್ತಾವ ತಂದವನು ನೀನು. ಮ್ಯಾನೇಜರಾಗಿ, ನಾನೂ ಒಬ್ಬ ಸದಸ್ಯೆಯಾಗಿ, ಉಳಿದ ಸದಸ್ಯೆಯರ ಮುಂದೆ ಇಟ್ಟವಳು ನಾನು. ಒಪ್ಪಿದರೆ ನನ್ನ ನೌಕರಿ ಭದ್ರ, ಸಂಬಳವೂ ಹೆಚ್ಚು. ಔರಾದ್ ತಾಲೂಕಿನ ಸಂತಪುರದ ಶಾಖೆ ಮಾತ್ರ ಮುಚ್ಚಬೇಕು. ನೀನು ಕಳಿಸಿದ ಚಿತ್ರವನ್ನು ಗೋಡೆಯ ಮೇಲೆ ತೋರಿಸಿದೆ. ಲಾಭದ ಮೂರು ಕಂಬ: ಖಾಸಗಿಯದು ಎತ್ತರ, ಸರ್ಕಾರದ್ದು ಅದರ ಭುಜದವರೆಗೆ, ನಮ್ಮದು ನೆಲ ಬಿಟ್ಟು ಏಳದ್ದು. ಒಡೆತನ ಬದಲಾದರೆ ಲಾಭ ಹೇಗೆ ಬದಲಾಗುತ್ತದೆಂದು ಎಂ.ಎ.ಯಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಹಿಂದಿನ ಸಾಲಿನಿಂದ ಚಂದ್ರಭಾಗಾ, “ನಮ್ದು ಬೆಂಡಿಕಾಯಿಯಷ್ಟೇ ಅದ ನೋಡ್ರಿ” ಎಂದಳು. ಸಭೆಯೆಲ್ಲ ನಕ್ಕಿತು.

ಆಗ ಸಂತಪುರದ ಮರಿಯಮಬೀ ಎದ್ದು ನಿಂತರು. ಅಲ್ಲಿನ ಶಾಖೆಯ ರೂಢಿ ನಿನಗೆ ತಿಳಿದಿರಲಿಕ್ಕಿಲ್ಲ. ಅಲ್ಲಿನ ಸಿಬ್ಬಂದಿ ಓದು ಬಾರದ ಪ್ರತಿ ಸದಸ್ಯೆಯನ್ನೂ ಪಕ್ಕಕ್ಕೆ ಕೂಡಿಸಿಕೊಂಡು, ಅವಳ ಪಾಸ್‌ಬುಕ್ಕನ್ನು ಕಿವಿಯಲ್ಲಿ, ಗಂಡನಿಗೂ ಮಗನಿಗೂ ಕೇಳದಷ್ಟು ಮೆಲ್ಲಗೆ ಓದುತ್ತಾರೆ. ಹೀಗಾಗಿ ದಿನಕ್ಕೆ ಮೂವತ್ತು ಜನರ ಕೆಲಸವೂ ಮುಗಿಯುವುದಿಲ್ಲ. ನನ್ನ ವರದಿಯಲ್ಲಿ ಅದನ್ನು ಸಮಯದ ನಷ್ಟ ಎಂದು ಬರೆದಿದ್ದೆ.

“ಲಾಭ ಕಮ್ಮಿ ಅಂತೀರಿ ಬೇಟಿ, ಖರೆ ಅದ. ಆದ್ರ ಮಾಲಕರು ಯಾರ್ರಿ? ನಾವೇ ಅಲ್ಲೇನ್ರಿ? ಕಿವ್ಯಾಗ ಓದಿಸ್ಕೊಂಡಾಗೇ ನಮ್ಮ ಲಾಭ ನಾವು ತಗೊಂಡೀವಿ. ಉಳಿದಿದ್ದಷ್ಟೇ ನಿಮ್ಮ ಕಂಬದಾಗ ಬಂದದ.”

ಅಣ್ಣಾ, ಕಂಬ ತೋರಿಸುತ್ತಿದ್ದ ಕೋಲು ಹಿಡಿದು ಹಾಗೇ ನಿಂತುಬಿಟ್ಟೆ. ಒಳ್ಳೆಯ ಕವಿತೆಯೊಂದರ ಕೊನೆಯ ಸಾಲಿಗೆ ಬಂದಾಗ ಮೈ ಝುಂ ಎನ್ನುತ್ತದಲ್ಲ, ಹಾಗಾಯಿತು. ಲೆಕ್ಕಕ್ಕೆ ಬರುವ ಮೊದಲೇ ಒಡೆಯರ ಕೈಸೇರಿದ ಲಾಭವನ್ನು ಎಲ್ಲಿ ಬರೆಯಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಒಂದೇ ಷೇರಿನ ಒಡತಿ, ಹೆಬ್ಬೆಟ್ಟಿನ ಸಹಿಯವರು, ನಿಂತಲ್ಲೇ ಹೇಳಿಬಿಟ್ಟರು! ಮುಂದಿನ ಕುರ್ಚಿಯಲ್ಲಿದ್ದ ಅವ್ವ, “ಬಾಯಿ ಮುಚ್ಚವ್ವಾ, ನೊಣ ಹೊಕ್ಕಾವು” ಎಂದಳು.

ಆಮೇಲೆ ಮತಕ್ಕೆ ಹಾಕಿದೆವು. ನೂರು ಷೇರಿನವಳಿಗೂ ಒಂದೇ ಕೈ, ಒಂದು ಷೇರಿನವಳಿಗೂ ಒಂದೇ ಕೈ. ಬೀದರಿನಿಂದ ಬಂದ ಸಹಕಾರ ಇಲಾಖೆಯ ಅಧಿಕಾರಿ ಎರಡು ಸಲ ಎಣಿಸಿದರು. ಮೂರರಲ್ಲಿ ಎರಡು ಪಾಲು ಬೇಕಿತ್ತು. ಒಂದೇ ಒಂದು ಕೈ ಕಡಿಮೆಯಾಗಿ ಪ್ರಸ್ತಾವ ಬಿದ್ದುಹೋಯಿತು. ನಿನ್ನ ಮೇಲಿನವರಿಗೆ ಏನು ಉತ್ತರ ಕೊಡುತ್ತೀಯೋ ಎಂದು ಜೀವ ಚುರ್ ಎನ್ನುತ್ತದೆ.

ವೈನಿಗೆ ನನ್ನ ನೆನಪು ಹೇಳು. ಅವ್ವನ ಆಶೀರ್ವಾದ ನಿಮ್ಮೆಲ್ಲರಿಗೂ.

ನಿನ್ನ ತಂಗಿ,
ಮಹಾಮಾಯಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಬರೆದುಬಿಡುತ್ತೇನೆ, ಬೇರೆಯವರಿಂದ ನಿನಗೆ ತಿಳಿಯಬಾರದು. ಎಲ್ಲರಿಗಿಂತ ಮೊದಲು ಕೈ ಎತ್ತಬೇಕಾದವಳು ನಾನೇ. ಎತ್ತಲಿಲ್ಲ, ಅಣ್ಣಾ. ಕಡಿಮೆಯಾದದ್ದು ನನ್ನ ಕೈ.