ರಟ್ಟಿನ ಕುರ್ಚಿ

ಜುಲೈ 3, ಸಂಜೆ

ಅಕ್ಕನಿಗೆ ನಮಸ್ಕಾರ. ಹೇಗಿದ್ದೀಯ? ನಿನ್ನ ಅತ್ತೆಯ ಕೆಮ್ಮು ಇಳಿಯಿತೇ? ಪಕ್ಕದ ಮನೆ ಗುಂಡಣ್ಣನ ಕಾಲಿನ ಕಟ್ಟು ಬಿಚ್ಚಿದರೇ? ಅವನ ಹೆಂಡತಿಯ ಗಂಟಲು ಹೇಗಿದೆ, ನಿನ್ನ ಕಿವಿಯಲ್ಲಿ ಕೂಗಿ ಕೂಗಿ ಕೆಟ್ಟಿಲ್ಲ ತಾನೆ? ಮೂರು ಕಾಲಿನ ಬೆಕ್ಕು ಇನ್ನೂ ನಿನ್ನ ಮೇಲೆ ದರ್ಬಾರು ಮಾಡುತ್ತಿದೆಯೇ? ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ —

ಅಲ್ಲಿಗೆ ಪೆನ್ನು ನಿಂತಿತು. ನಾನು ಬರೆದದ್ದಲ್ಲ, ಕೈ ತಾನಾಗಿ ಬರೆದುಬಿಟ್ಟಿತು. ಎಷ್ಟು ವರ್ಷದ ರೂಢಿ.

ಇನ್ನು ಮೇಲೆ ಕಾಗದವನ್ನು ಮೊದಲು ಈ ಡೈರಿಯಲ್ಲಿ ಬರೆದು ನೋಡುವುದು. ಸರಿ ಕಂಡರೆ ಫೇರ್ ಮಾಡುವುದು.

ಅಕ್ಕನ ಮಗಳನ್ನು ಹುಟ್ಟಿದಾಗಿನಿಂದ ಮರಿ ಅಂತಲೇ ಕರೆದೆ. ಈಗ ಏಳನೇ ಕ್ಲಾಸಿನವರಿಗೆ ಅವಳೇ ಮಿಸ್ಸು. ಕೆಲಸ ಸಿಕ್ಕಿ ಈ ಊರಿಗೆ ಬಂದಾಗಿನಿಂದ ನನ್ನ ಜೊತೆಗೇ. ಕೆಳಗೆ ನನ್ನ ಮರಗೆಲಸದ ಶೆಡ್ಡು, ಮೇಲೆ ಎರಡು ರೂಮು. ಹೋದ ತಿಂಗಳು ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು — ಇನ್ನು ಮೇಲೆ ಔಷಧಿ ನೋವಿಗೆ ಮಾತ್ರ, ರೋಗಕ್ಕಲ್ಲ. ಬಸ್ ಸ್ಟಾಪಿನಲ್ಲಿ ಕೂತು ಅವಳು ಅಂದದ್ದು ಒಂದೇ. "ಅಮ್ಮನಿಗೆ ನೀನೇ ಬರಿ ಮಾಮ. ನನ್ನ ಕೈಲಾಗಲ್ಲ."

ಫೋನು ಮಾಡಬಹುದು. ಅಕ್ಕನಿಗೆ ಕೇಳಿಸುವುದಿಲ್ಲ. ಗುಂಡಣ್ಣನ ಹೆಂಡತಿ ಕೇಳಿಸಿಕೊಂಡು, ಅವಳ ಕಿವಿಗೆ ಬಾಯಿಟ್ಟು ಕೂಗಬೇಕು. ಇಂಥ ಮಾತನ್ನು ಬೀದಿಗೆಲ್ಲ ಕೇಳುವ ಹಾಗೆ ಕೂಗಿಸಲೇ?

ಬರೀತೀನಿ. ನಾಳೆ.

ಜುಲೈ 9

ಶೆಡ್ಡಿನ ತುಂಬ ಮಕ್ಕಳು. ಏಳನೇ ಕ್ಲಾಸಿಗೆ ಪ್ರಾಜೆಕ್ಟು — ಯಾರಿಗಾದರೂ ನಿಜವಾಗಿ ಬೇಕಾದದ್ದನ್ನು ಮಾಡಿಕೊಡಬೇಕು. ಅವರೇ ಆರಿಸಿಕೊಂಡರಂತೆ: ಮಿಸ್ಸಿಗೆ ಕುರ್ಚಿ. ಪಾಠ ಮಾಡುವಾಗ ನಿಲ್ಲೋಕಾಗಲ್ಲ, ಸ್ಕೂಲಿನ ಕಬ್ಬಿಣದ ಕುರ್ಚಿ ಬೆನ್ನಿಗೆ ಒತ್ತುತ್ತೆ. ಕಾಯಿಲೆ ಅಂತ ಮಕ್ಕಳಿಗೆ ಗೊತ್ತು. ಎಷ್ಟು ಅಂತ ಗೊತ್ತಿಲ್ಲ.

ಒಳ್ಳೆ ಹಲಗೆ ತೆಗೆದಿಟ್ಟಿದ್ದೆ. ಮುಟ್ಟಲಿಲ್ಲ. ಟೀವಿ ಬಂದ ರಟ್ಟಿನ ಡಬ್ಬ ಹೊತ್ತು ತಂದಿದ್ದಾರೆ! ಮೊದಲು ರಟ್ಟಿನಲ್ಲಿ ಮಾಡಿ, ಕೂತು ನೋಡಿ, ತಪ್ಪು ಹುಡುಕಿ, ಆಮೇಲೆ ಮರವಂತೆ.

"ಆಟದ ಸಾಮಾನು ಮಾಡ್ತೀರೇನ್ರೋ?" ಅಂದೆ.

ಕನ್ನಡಕದ ಹುಡುಗನೊಬ್ಬ, ವಕೀಲ ಅಂತ ಅಡ್ಡಹೆಸರು, ಸೊಂಟದ ಮೇಲೆ ಕೈ ಇಟ್ಟ. "ತಾತ, ನೀವು ಮೊದಲ ಸಲ ಮಾಡಿದ ಕುರ್ಚಿ ಈಗ ಎಲ್ಲಿದೆ?"

"ಒಲೆಗೆ ಹೋಯ್ತು."

"ಅದೂ ಡ್ರಾಫ್ಟೇ ಅಲ್ವಾ? ನಮ್ದು ಸ್ವಲ್ಪ ಚೀಪು, ಅಷ್ಟೇ."

ಮಕ್ಕಳೆಲ್ಲ ಹೋ ಅಂದರು. ಮರಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಎಷ್ಟು ದಿನವಾಗಿತ್ತು.

ಇನ್ನೊಬ್ಬರ ಕೆಲಸದ ತಪ್ಪು ಹೇಳುವಾಗ ಪಾಲಿಸಬೇಕಾದ ಅವಳ ಮೂರು ರೂಲನ್ನು ಗೋಡೆಗೆ ಅಂಟಿಸಿದರು. ನೋಯಿಸಬೇಡ. ನಿಖರವಾಗಿ ಹೇಳು. ಮಾಡಿದವರಿಗೆ ಉಪಯೋಗ ಆಗೋ ಹಾಗೆ ಹೇಳು.

ಜುಲೈ 14

ರಟ್ಟಿನ ಕುರ್ಚಿ ಮೇಲೆ ಮರಿ ಕೂತಳು. ಒಂದು ಗಳಿಗೆ ರಾಣಿ ಹಾಗೆ ಕೂತಿದ್ದಳು. ಆಮೇಲೆ ಕುರ್ಚಿ ಬಲಗಡೆ ಸೊಟ್ಟಗಾಗಿ, ಮೆಲ್ಲಗೆ ಕುಸಿಯಿತು. ನಾನು ಹಿಡಿಯಲು ಓಡಿದೆ. ಅವಳು ನೆಲದಲ್ಲೇ ಕೂತು, "ಹೂಂ, ಬರೀರಿ ಬರೀರಿ, ಎಲ್ಲಿ ಮೊದಲು ಮುರೀತು ನೋಡಿದ್ರಾ?"

ಎಲ್ಲರೂ ಚೀಟಿ ಬರೆದು ಗೋಡೆಗೆ ಅಂಟಿಸಿದರು. ಗುಬ್ಬಿ ಅಂತ ಒಂದು ಪುಟ್ಟ ಹುಡುಗಿ ಇದ್ದಾಳೆ, ಮಾತು ಕಡಿಮೆ, ಚಿತ್ರ ಚೆನ್ನಾಗಿ ಬಿಡಿಸುತ್ತಾಳೆ. 'ಚೆನ್ನಾಗಿದೆ' ಅಂತ ಬರೆದಿದ್ದಳು. ಮರಿ ಆ ಚೀಟಿ ಕಿತ್ತು ವಾಪಸ್ ಕೊಟ್ಟಳು.

"ಚೆನ್ನಾಗಿದೆ ಅಂದ್ರೆ ಏನಮ್ಮಾ? ಎಲ್ಲಿ ಚೆನ್ನಾಗಿದೆ? ಇದನ್ನಿಟ್ಕೊಂಡು ಕುರ್ಚಿ ಮಾಡಿದವರೇನು ಮಾಡ್ಬೇಕು?"

ಗುಬ್ಬಿ ಸುಮಾರು ಹೊತ್ತು ಯೋಚಿಸಿ ಬರೆದಳು. 'ಮಿಸ್ ಏಳುವಾಗ ಎರಡೂ ಕೈ ಊರಿದರು. ಕುರ್ಚಿಗೆ ಕೈ ಬೇಕು.'

ನಾನು ಗೂಡಿನ ಕಡೆ ನೋಡಿದೆ. ನನ್ನ ಡೈರಿ ಅಲ್ಲಿತ್ತು. 'ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ.'

ಜುಲೈ 27, ಮಧ್ಯಾಹ್ನ

ಅಕ್ಕ, ಕ್ಷೇಮವೇ? ಮರಿಗೆ ಸ್ವಲ್ಪ ಆಯಾಸ. ಕೆಲಸ ಜಾಸ್ತಿ. ಊಟ ಅಷ್ಟಕ್ಕಷ್ಟೆ. ಡಾಕ್ಟರಿಗೆ ತೋರಿಸಿದ್ದೇವೆ. ನೀನು ಗಾಬರಿ ಆಗಬೇಡ. ಅತ್ತೆಯವರಿಗೆ ಬಿಸಿನೀರು ಕೊಡು...

ಇಷ್ಟನ್ನು ಮರಿಗೇ ತೋರಿಸಿದೆ. ಯಾಕೆ ತೋರಿಸಿದೆನೋ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಪೊಟ್ಟಣದ ಪೇಪರು ಓದಿ ಅಕ್ಷರ ಕಲಿತವನು. ಅವಳು ಹಾಸಿಗೆಯಲ್ಲಿ ಒರಗಿ, ಪರೀಕ್ಷೆ ಪೇಪರು ನೋಡುವ ಹಾಗೆ ನೋಡಿದಳು.

"ಅಜ್ಜಿಯ ಕೆಮ್ಮಿದೆ. ಬಿಸಿನೀರಿದೆ. ಇದರಲ್ಲಿ ನಾನೆಲ್ಲಿದ್ದೀನಿ ಮಾಮ?"

"ಆಯಾಸ ಅಂತ ಬರೆದಿದ್ದೀನಲ್ಲ."

"ಆಯಾಸ ಅಂದ್ರೆ ಅಮ್ಮ ಟಾನಿಕ್ ಕಳಿಸ್ತಾಳೆ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಇಬ್ಬರೂ ಕಿಟಕಿ ನೋಡಿದೆವು.

"ಅವಳನ್ನ ನೋಯಿಸಬಾರದು ಕಣೇ," ಅಂದೆ.

"ಸರಿ. ಉಳಿದ ಎರಡು ರೂಲು?"

ಆಗಸ್ಟ್ 19

ಆಸ್ಪತ್ರೆಯಿಂದ ಇವತ್ತು ಮನೆಗೆ. ಅಲ್ಲಿದ್ದಷ್ಟು ದಿನ ಒಂದಕ್ಷರ ಬರೆಯಲಿಲ್ಲ. ಡೈರಿ ಜೊತೆಗೇ ಇತ್ತು, ಅವಳ ಬಟ್ಟೆಯ ಚೀಲದಲ್ಲಿ.

ಮೆಟ್ಟಿಲು ಹತ್ತಲು ಆಗಲಿಲ್ಲ. ಎತ್ತಿಕೊಂಡೆ. ನನ್ನ ವಯಸ್ಸಿಗೆ ಭಾರ ಆಗಬೇಕಿತ್ತು. ಆಗಲಿಲ್ಲ.

ಆಗಸ್ಟ್ 21, ಸಂಜೆ

ಮಕ್ಕಳು ಕುರ್ಚಿಯನ್ನು ಮನೆಗೇ ಹೊತ್ತು ತಂದರು. ಎರಡನೇ ಡ್ರಾಫ್ಟು, ನಾವು ಆಸ್ಪತ್ರೆಯಲ್ಲಿದ್ದಾಗ ಸ್ಕೂಲಿನಲ್ಲಿ ಮಾಡಿದ್ದು, ಹಳೇ ಪ್ಯಾಕಿಂಗ್ ಹಲಗೆಯದು. ಅಳತೆಯೆಲ್ಲ ಅವಳದೇ, ಜುಲೈನಲ್ಲಿ ತೆಗೆದದ್ದು. ಕೈ ಇದೆ, ಬೆನ್ನೊರಗು ಇದೆ, ಅಲ್ಲಾಡುವುದಿಲ್ಲ. ಮೆಟ್ಟಿಲು ಹತ್ತುವಾಗ ಗಲಾಟೆಯೋ ಗಲಾಟೆ. ರೂಮಿನೊಳಗೆ ಬಂದು ಅವಳನ್ನು ನೋಡಿದವರು ಕುರ್ಚಿಯನ್ನು ಮೆಲ್ಲಗೆ ಇಳಿಸಿದರು.

ಮರಿಯನ್ನು ಕೂರಿಸಿದೆ. ಎರಡೂ ಕಡೆ ಜಾಗ ಉಳಿಯಿತು. ಬಲಗಡೆ ಕೈ ಇಟ್ಟರೆ ಎಡಗಡೆಯದು ಎಟುಕುವುದಿಲ್ಲ. ದೊಡ್ಡವರ ಕುರ್ಚಿಯಲ್ಲಿ ಮಗು ಕೂತ ಹಾಗೆ.

ಚೀಟಿಗಳು ಕೈಯಲ್ಲಿವೆ. ಯಾರೂ ಬರೆಯುವುದಿಲ್ಲ. ಒಬ್ಬಳು 'ಪಾಲಿಶ್ ಬೇಕು' ಅಂತ ಬರೆದಳು. ಇನ್ನೊಬ್ಬ 'ಮೊಳೆ ಕಾಣುತ್ತೆ' ಅಂತ ಬರೆದ.

"ಮತ್ತೆ?" ಅಂದಳು ಮರಿ.

ಗುಬ್ಬಿ ಪೆನ್ಸಿಲ್ ಕಚ್ಚುತ್ತಾ ನೆಲ ನೋಡುತ್ತಿದ್ದಾಳೆ.

"ಅಗಲ ಜಾಸ್ತಿ ಆಯ್ತು. ನೋಡ್ತಾ ಇದ್ದೀರಿ ಎಲ್ಲರೂ. ಬರೀರಿ."

ವಕೀಲನಿಗೆ ಕಣ್ಣು ತುಂಬಿತ್ತು, ಆದರೂ ವಾದ ಬಿಡಲಿಲ್ಲ. "ಅದು ಬರೆಯೋ ಹಾಗಿಲ್ಲ ಮಿಸ್. ಮೊದಲನೇ ರೂಲು. ನೋಯಿಸಬೇಡ."

"ನೋಯಿಸ್ತಿರೋದು ನಿನ್ನ ಮಾತಲ್ಲ ಕಣೋ, ಕುರ್ಚಿ. ಮೊಣಕೈ ಗಾಳೀಲಿದೆ, ಭುಜ ಎಳೀತಿದೆ. ನೀವು ಬರೀದೇ ಇದ್ರೆ ನಾನು ಹೀಗೇ ಕೂತಿರಬೇಕಾಗುತ್ತೆ."

ಬರೆದರು. ಒಬ್ಬೊಬ್ಬರಾಗಿ. ಗುಬ್ಬಿ ಎದ್ದು ಬಂದು ಟೇಪು ಹಿಡಿದು ಅಳತೆ ತೆಗೆದಳು, ಮೊಣಕೈಯಿಂದ ಮೊಣಕೈಗೆ. ಮತ್ತೊಮ್ಮೆ ಹಿಡಿದಳು, ನಂಬಿಕೆ ಬರದೆ. ಸಂಖ್ಯೆಯನ್ನು ಜೋರಾಗಿ ಹೇಳಲಿಲ್ಲ, ಬರೆದು ವಕೀಲನಿಗೆ ತೋರಿಸಿದಳು.

ನಾನು ಹೊರಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದೆ.

ಆಗಸ್ಟ್ 30

ಶೆಡ್ಡಿನಲ್ಲಿ ಮೂರನೇದು. ಒಳ್ಳೆ ಹಲಗೆ, ನಾನು ತೆಗೆದಿಟ್ಟದ್ದು. ಕುಯ್ಯುವುದು, ಉಜ್ಜುವುದು ಎಲ್ಲ ಅವರೇ. ಶಾಲೆ ಬಿಟ್ಟ ಮೇಲೆ ಒಂದೊಂದು ಗಂಟೆ. ಒಂದು ಕಾಲು ಗಿಡ್ಡ ಕುಯ್ದರು. ಮತ್ತೆ ಕುಯ್ದರು. ನಾನು ಕೂತರೆ ಒಂದು ದಿನದ ಕೆಲಸ. ಮಕ್ಕಳು ಹೋದ ಮೇಲೆ ಗರಗಸ ಎತ್ತಿಕೊಂಡೆ.

ಮೇಲಿನಿಂದ ಮರಿಯ ದನಿ. ಸದ್ದಿನಲ್ಲೇ ಕಂಡುಹಿಡಿದಿದ್ದಾಳೆ. "ಮಾಮಾ... ಅದು ಅವರ ಗರಗಸ ಅಲ್ಲ. ಇಡು."

ಹತ್ತಿ ಹೋದೆ. "ಹೀಗೇ ಆದ್ರೆ ಇನ್ನೂ ಒಂದು ವಾರ ಬೇಕು. ಅಷ್ಟು ಟೈಮು ಎಲ್ಲಿದೆ ಕಣೇ?"

ಬಾಯಿಂದ ಬಂದುಬಿಟ್ಟಿತು. ಇಷ್ಟು ದಿನ ಇಬ್ಬರೂ ಆಡದೆ ಇಟ್ಟುಕೊಂಡಿದ್ದ ಮಾತು.

ಅವಳು ನನ್ನ ಅಂಗಿಯ ಮೇಲಿದ್ದ ಮರದ ಪುಡಿ ತಟ್ಟಿದಳು. "ನೀನು ಮಾಡಿದ್ರೆ ಚಂದ ಇರುತ್ತೆ ಮಾಮ. ಆದ್ರೆ ನಾನು ಇಲ್ಲದಾಗ ಅವರ ಹತ್ರ ಏನುಳಿಯುತ್ತೆ? ಅವರು ಮುಗಿಸ್ತಾರೆ. ನೀನು ನಿನ್ನದು ಮುಗಿಸು."

"ನನ್ನದು?"

"ಅಮ್ಮನ ಕಾಗದ."

ಸೆಪ್ಟೆಂಬರ್ 6, ಸಂಜೆ

ಕುರ್ಚಿ ಬಂತು. ಅಂಚು ಎಲ್ಲೂ ಚುಚ್ಚುವುದಿಲ್ಲ, ಗುಬ್ಬಿ ತನ್ನ ಕೆನ್ನೆ ಒತ್ತಿ ಒತ್ತಿ ನೋಡಿದ್ದಾಳೆ. ಕಾಲು ನಾಲ್ಕೂ ಸಮ. ಕೈಗಳು ಒಳಗೆ ಬಂದಿವೆ. ಹಳೇ ಕಂಬಳಿ ಮಡಿಸಿ ಹೊಲಿದ ದಿಂಬು. ನನ್ನ ಕೆಲಸದವರೂ ಇಷ್ಟು ಮಾಡಲಾರರು. ನಾನೂ ಅಷ್ಟೇ, ಆ ವಯಸ್ಸಿನಲ್ಲಿ.

ಕೂರಿಸಿದೆ. ಎರಡು ಮೊಣಕೈಯೂ ಒಟ್ಟಿಗೆ ಹೋಗಿ ಕುರ್ಚಿಯ ಕೈ ಮೇಲೆ ಕೂತವು. ಅವಳ ಭುಜ ಇಳಿಯಿತು. ತಲೆ ಹಿಂದಕ್ಕೆ ಹೋಯಿತು.

ಮಕ್ಕಳು ಕಾದರು. ವಕೀಲ ಪಿಸುಗುಟ್ಟಿದ, "ಮಿಸ್, ಫೀಡ್‌ಬ್ಯಾಕು?"

ಉತ್ತರ ಇಲ್ಲ. ಹತ್ತಿರ ಹೋಗಿ ನೋಡಿದೆ — ಉಸಿರಿದೆ. ನಿದ್ದೆ. ನೋವಿನ ಮಾತ್ರೆ ಇಲ್ಲದೆ ಬಂದ ನಿದ್ದೆ. ಎಷ್ಟು ವಾರದ ಮೇಲೆ!

ತುಟಿಗೆ ಬೆರಳಿಟ್ಟುಕೊಂಡೆ. ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲಿಳಿದರು. ಅವರು ಹೋದ ಮೇಲೆ ನೋಡಿದರೆ ಕುರ್ಚಿಯ ಹಿಂದೆ ಒಂದು ಚೀಟಿ. ವಕೀಲನ ಅಕ್ಷರ.

'ಮಿಸ್ ನಿದ್ದೆ ಮಾಡಿದರು.'

ಸೆಪ್ಟೆಂಬರ್ 8, ಬೆಳಿಗ್ಗೆ

ನಿನ್ನೆಯಿಂದ ನೀರು ಮಾತ್ರ, ಚಮಚದಲ್ಲಿ. ಆಸ್ಪತ್ರೆಯಿಂದ ನರ್ಸಮ್ಮ ಬಂದು ಕೈ ಹಿಡಿದು ನೋಡಿ, ಕೆಳಗೆ ಶೆಡ್ಡಿಗೆ ಕರೆದರು. "ಯಾರಾದರೂ ಬರೋರಿದ್ರೆ ಹೇಳಿಬಿಡಿ ಅಪ್ಪಾಜಿ."

ಅಕ್ಕನ ಊರಿನ ಬಸ್ಸು ಇನ್ನು ಸ್ವಲ್ಪ ಹೊತ್ತಿಗೆ ಹೊರಡುತ್ತೆ. ಡ್ರೈವರು ನನ್ನ ಗಿರಾಕಿ, ಕಾಗದವನ್ನು ಅವಳ ಕೈಗೇ ಕೊಡುತ್ತೇನೆ ಅಂದಿದ್ದಾನೆ. ಫೇರ್ ಮಾಡಲು ಹೊತ್ತಿಲ್ಲ. ಈ ಹಾಳೆಯನ್ನೇ ಹರಿದು ಕೊಡುವುದು.

ಅಕ್ಕ,

ಈ ಸಲ ಯಾರ ಆರೋಗ್ಯವನ್ನೂ ಕೇಳುವುದಿಲ್ಲ. ಮರಿಯ ಸುದ್ದಿ ಮೊದಲು. ಅವಳಿಗೆ ವಾಸಿಯಾಗದ ಕಾಯಿಲೆ. ಡಾಕ್ಟರು ಜೂನಿನಲ್ಲೇ ಹೇಳಿದರು. ನಿನಗೆ ತಿಳಿಸು ಅಂತ ಅವಳು ಅವತ್ತೇ ಹೇಳಿದಳು. ಬರೆಯಲಾರದೆ ಕೂತವನು ನಾನು. ಬೈಯುವುದಿದ್ದರೆ ಆಮೇಲೆ ಬೈ.

ಮಕ್ಕಳು ಅವಳಿಗೆ ಒಂದು ಕುರ್ಚಿ ಮಾಡಿದ್ದಾರೆ. ಜುಲೈ ಅಳತೆಗೆ ಮಾಡಿದ್ದು ಆಗಸ್ಟಿಗೆ ದೊಡ್ಡದಾಯಿತು. ಕೈಗಳನ್ನು ಒಳಗೆ ತರಬೇಕಾಯಿತು. ಹೊಸದರಲ್ಲಿ ನಿದ್ದೆ ಮಾಡಿದಳು. ಇವತ್ತು ಬೆಳಿಗ್ಗೆ ಕಣ್ಣು ಬಿಟ್ಟು, ಅಮ್ಮ ಬಂದ್ಲಾ ಅಂತ ಕೇಳಿದಳು. ಬರ್ತಾಳೆ ಅಂದೆ. ಅವಳ ಎದುರಿಗೆ ನಾನು ಆಡಿದ ಮಾತು ಅದು, ಅದನ್ನು ಸುಳ್ಳು ಮಾಡಬೇಡ.

ಕೂಡಲೇ ಉತ್ತರ ಬರಿ —

ಆ ಸಾಲು ಹೊಡೆದು ಹಾಕಿದೆ. ಎಷ್ಟು ವರ್ಷದ ರೂಢಿ.

ಉತ್ತರ ಬರೆಯುತ್ತಾ ಕೂರಬೇಡ ಅಕ್ಕ. ಅತ್ತೆಯನ್ನು ಗುಂಡಣ್ಣನ ಮನೆಯಲ್ಲಿ ಬಿಡು. ಈ ಕಾಗದ ತಂದ ಬಸ್ಸೇ ವಾಪಸ್ ಬರುತ್ತೆ, ಅದರಲ್ಲೇ ಕೂತು ಬಾ. ಬಟ್ಟೆಬರೆ ಬೇಡ. ನೀನು ಬಂದದ್ದು ಅವಳಿಗೆ ಕಾಣಲಿ ಅಂತ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ ಇಟ್ಟಿದ್ದೇನೆ.