ಚಿತ್ರದಲ್ಲಿರುವ ಪುಡ್ಡಿಂಗ್

ಹೋಟೆಲ್ ಮಾಲೀಕರಿಗೆ ನಮಸ್ಕಾರ.

ನಿನ್ನೆ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ರೇಗಾಡಿದ ಮುದುಕ ನಾನೇ. ಮೆನುವಿನ ಚಿತ್ರದಲ್ಲಿ ಕ್ಯಾರಮೆಲ್ ಪುಡ್ಡಿಂಗ್ ಎತ್ತರವಾಗಿ, ತಲೆಯ ಮೇಲೆ ಚೆರ್ರಿ ಹಣ್ಣು ಹೊತ್ತು ನಿಂತಿದೆ. ನನ್ನ ಮುಂದೆ ಬಂದದ್ದು ಅದರ ಮೇಲೆ ಯಾರೋ ಕೂತು ಎದ್ದುಹೋದ ಹಾಗಿತ್ತು. ಆ ಮಾತನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ.

ಆದರೆ ನಿಮ್ಮ ಮ್ಯಾನೇಜರ್, "ಬೇಜಾರ್ ಮಾಡ್ಕೋಬೇಡಿ ಸಾರ್, ಫೋಟೋನೇ ಬದಲಾಯಿಸಿಬಿಡ್ತೀವಿ" ಎಂದರು. ದಯವಿಟ್ಟು ಅದೊಂದು ಮಾಡಬೇಡಿ.

ಹೋಟೆಲ್ ಶುರುವಾದ ವಾರ ಆ ಫೋಟೋ ತೆಗೆದವರು ನೀವೇ, ನಮ್ಮ ಮೇಜಿನಲ್ಲೇ. "ಒಂದ್ನಿಮಿಷ ತಾಳಿ ಅಮ್ಮಾ" ಎಂದು ನೀವು ಕ್ಯಾಮೆರಾ ತರುವಷ್ಟರಲ್ಲಿ ನನ್ನ ಹೆಂಡತಿ ಒಂದು ಚಮಚ ಬಾಯಿಗೆ ಹಾಕಿಕೊಂಡಾಗಿತ್ತು. ಚಿತ್ರದಲ್ಲಿ ಆ ಗುಳಿ ಇದೆ, ನೋಡಿ. ಅಂಚಿನಲ್ಲಿ ಚಮಚ ಹಿಡಿದ ಅವಳ ಕೈಯೂ ಇದೆ. ಕ್ಯಾಮೆರಾ ಕಂಡರೆ ಮುಖ ಮುಚ್ಚಿಕೊಳ್ಳುವ ಹೆಂಗಸು. ಅವಳು ಹೋದ ಮೇಲೆ ಮನೆಯೆಲ್ಲ ತಡಕಿದರೂ ಸಿಕ್ಕಿದ್ದು ಗುರುತಿನ ಚೀಟಿಯ ಚಿತ್ರವೊಂದೇ.

ಪುಡ್ಡಿಂಗ್ ಚಪ್ಪಟೆಯಾಗಿಯೇ ಬರಲಿ. ನನಗೆ ಸಕ್ಕರೆ ಕಾಯಿಲೆ, ಹೇಗೂ ಅದನ್ನು ಮುಟ್ಟುವುದಿಲ್ಲ. ಏನೂ ತರಿಸದೆ ಮೆನು ಹಿಡಿದು ಕೂರುವುದಕ್ಕೆ ಸಂಕೋಚ, ಅಷ್ಟೆ.

ಇನ್ನೊಂದು ವಿನಂತಿ. ಆರ್ಡರ್ ಬರೆದುಕೊಂಡ ತಕ್ಷಣ ಮೆನು ಎತ್ತಿಕೊಂಡು ಹೋಗಬಾರದೆಂದು ನಿಮ್ಮವರಿಗೆ ಹೇಳಿ.

ಇಂತಿ,
ಕಿಟಕಿ ಪಕ್ಕದ ಮೇಜಿನವನು